ಡ್ಯೂಕ್ ಸಾಹೇಬರ ತಲೆ ಮೇಲೆ ಟ್ರಾಫಿಕ್ ಕೋನ್: ಗ್ಲಾಸ್ಗೋದ ಈ ಪ್ರತಿಮೆಯ ಕತೆ ಗೊತ್ತಿರೋರು ಹೇಳಿ

ಮಂಡ್ಯದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವರೂ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದು ಒಂದೂವರೆ ತಿಂಗಳಾಯ್ತು. ಅವರಿಗೆ ಮಗು, ಎಣ್ಣೆ, ನೀರು ಅಂತ ಕೈತುಂಬ ಕೆಲಸ. ನನಗೇನಿದೆ? ಮಳೆ ನಿಂತಾಗ ಊರು ಸುತ್ತೋದು, ಮಳೆ ಹಿಡಿದಾಗ ಯಾವುದಾದ್ರೂ ಅಂಗಡಿ ಬಾಗಿಲಲ್ಲಿ ನಿಲ್ಲೋದು. ಎರಡನೇದೇ ಜಾಸ್ತಿ.

ಮೊನ್ನೆ ಕ್ವೀನ್ ಸ್ಟ್ರೀಟ್ ಅನ್ನೋ ರಸ್ತೆಯಲ್ಲಿ ಹೋಗ್ತಿದ್ದೆ. ದಪ್ಪ ದಪ್ಪ ಕಂಬಗಳ ಒಂದು ಕಟ್ಟಡ, ಅದರ ಮುಂದೆ ಕುದುರೆ ಮೇಲೆ ಕೂತ ದಂಡನಾಯಕನ ಕಂಚಿನ ಪ್ರತಿಮೆ. ಮೈಯೆಲ್ಲ ಹಸಿರು ಕಿಲುಬು. ತಲೆ ಮೇಲೆ ನೋಡಿದ್ರೆ, ನಮ್ಮಲ್ಲಿ ರಸ್ತೆ ಅಗೆದಾಗ ಇಡ್ತಾರಲ್ಲ, ಆ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್! ಸ್ವಲ್ಪ ಓರೆಯಾಗಿ, ಮದುವಣಿಗನ ಪೇಟ ಜಾರಿದ ಹಾಗೆ. ರಾತ್ರಿ ಯಾರೋ ಕುಡಿದವರು ಹತ್ತಿಸಿರಬೇಕು, ಬೆಳಗಾದ್ರೆ ತೆಗೀತಾರೆ ಅಂದುಕೊಂಡೆ. ಮಾರನೇ ದಿನ ಹೋದ್ರೂ ಇದೆ. ಮೂರನೇ ದಿನವೂ ಇದೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ, ಪೊಲೀಸಿನವನೊಬ್ಬ ಪಕ್ಕದಲ್ಲೇ ಹಾದುಹೋದ, ತಲೆ ಎತ್ತಿ ಸಹ ನೋಡಲಿಲ್ಲ.

ಮನೆಗೆ ಬಂದು ಅಳಿಯಂದಿರನ್ನ ಕೇಳಿದೆ. "ಮಾವ, ಅದು ಡ್ಯೂಕ್ ಆಫ್ ವೆಲಿಂಗ್ಟನ್. ಕೋನ್ ಇಲ್ದಿದ್ರೆ ಇಲ್ಲಿನವರಿಗೇ ಗುರ್ತು ಸಿಗಲ್ಲ" ಅಂದ್ರು. ಪೀಠದ ಕಂಚಿನ ಫಲಕಗಳಲ್ಲಿ ಒಂದು ನೆಪೋಲಿಯನ್ ಸೋತ ವಾಟರ್ಲೂ, ಇನ್ನೊಂದು ಇಂಡಿಯಾದ ಅಸ್ಸಾಯೆ ಯುದ್ಧ ಅಂತಲೂ ಹೇಳಿದ್ರು. ಆಗ ತಲೆಗೆ ಹೊಳೀತು. ಇವನು ನಮ್ಮ ಆರ್ಥರ್ ವೆಲ್ಲೆಸ್ಲಿ! ಶ್ರೀರಂಗಪಟ್ಟಣ ತಾಲ್ಲೂಕಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿದವನು ನಾನು, ಟಿಪ್ಪುವಿನ ಕೋಟೆ ಬಿದ್ದದ್ದು 1799 ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೀನೋ. ಆ ಮನುಷ್ಯನ ತಲೆ ಮೇಲೆ ಕೋನ್ ನೋಡಿ ನಗಬೇಕೋ ಏನು ಮಾಡಬೇಕೋ ತಿಳೀಲಿಲ್ಲ. ಈ ಕೋನ್ ಕತೆ ಏನು, ಯಾರಿಗಾದ್ರೂ ಗೊತ್ತಾ?


ಕ್ಲೈಡ್_ದಂಡೆ

ಮೇಷ್ಟ್ರೇ, ಗ್ಲಾಸ್ಗೋಗೆ ಸ್ವಾಗತ. ನಾನಿಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಊರು ಹಾಸನ. ಈ ಕೋನ್ ವಿಷಯದಲ್ಲಿ ನನ್ನನ್ನು ಅರ್ಧ ಪಂಡಿತ ಅಂತಲೇ ಇಟ್ಕೊಳ್ಳಿ. ನೆಂಟರು ಬಂದಾಗೆಲ್ಲ ಇದನ್ನೇ ತೋರಿಸಿ ಇದೇ ಕತೆ ಹೇಳಿ ಬಾಯಿಪಾಠ ಆಗಿಬಿಟ್ಟಿದೆ.

ಪ್ರತಿಮೆ ನಿಂತದ್ದು 1844ರಲ್ಲಿ. ಊರಿನವರು ಚಂದಾ ಎತ್ತಿ ಮಾಡಿಸಿದ್ದು. ವೆಲಿಂಗ್ಟನ್ ತೀರಿಕೊಂಡದ್ದು 1852ರಲ್ಲಿ, ಅಂದ್ರೆ ಆಸಾಮಿ ಬದುಕಿದ್ದಾಗಲೇ ಪ್ರತಿಮೆ. ಕೋನ್ ಬಂದದ್ದು ಅದಾಗಿ ನೂರನಲವತ್ತು ವರ್ಷದ ಮೇಲೆ, 1980ರ ದಶಕದ ಮೊದಲ ಅರ್ಧದಲ್ಲಿ. ಮೊದಲು ಹತ್ತಿಸಿದ ಪುಣ್ಯಾತ್ಮ ಯಾರು ಅಂತ ಯಾರೂ ಮುಂದೆ ಬಂದಿಲ್ಲ. ಪಬ್ಬಿಗೆ ಹೋದರೆ ಮಾತ್ರ ಮೇಜಿಗೊಬ್ಬ ಸಿಗ್ತಾನೆ, "ನಾನೇ" ಅಂತ.

ಹತ್ತೋದು ಹೇಗೆ ಅಂದ್ರೆ, ಪೀಠ ಅಷ್ಟೇನೂ ಎತ್ತರ ಇಲ್ಲ. ಒಬ್ಬ ಬೆನ್ನು ಕೊಟ್ಟರೆ ಇನ್ನೊಬ್ಬ ಪೀಠದ ಮೇಲೆ. ಅಲ್ಲಿಂದ ಕುದುರೆ ಕಾಲು, ಆಮೇಲೆ ಡ್ಯೂಕರ ಬೂಟು, ಆಮೇಲೆ ತೊಡೆ. ಕೆಳಗಿಂದ ಗೆಳೆಯ ಕೋನ್ ಎಸೀತಾನೆ. ಶನಿವಾರ ರಾತ್ರಿ ನಾನೇ ಕಣ್ಣಾರೆ ನೋಡಿದ್ದೀನಿ, ಮೂರನೇ ಎಸೆತಕ್ಕೆ ಕ್ಯಾಚ್ ಹಿಡಿದ. ಕೆಳಗಿದ್ದವರೆಲ್ಲ ಸಿಕ್ಸರ್ ಹೊಡೆದ ಹಾಗೆ ಕೂಗಿದ್ರು. ಈ ಹತ್ತಾಟದಲ್ಲಿ ಡ್ಯೂಕರು ಒಂದು ಬೂಟಿನ ಮುಳ್ಳು, ಅರ್ಧ ಕತ್ತಿ ಕಳ್ಕೊಂಡಿದ್ದಾರೆ.


ನೇರನುಡಿ

ಇದರಲ್ಲಿ ನಗೋದಕ್ಕೆ ಏನಿದೆ? ಒಬ್ಬ ಸೇನಾಪತಿ, ಆಮೇಲೆ ಅವರ ದೇಶದ ಪ್ರಧಾನಿಯೂ ಆದವನು. ಕುಡುಕರು ಹತ್ತಿ ಕತ್ತಿ ಮುರೀತಾರೆ, ನೀವು ಕ್ಯಾಚು ಸಿಕ್ಸರು ಅಂತೀರ. ನಮ್ಮೂರಲ್ಲಿ ಯಾವ ಪ್ರತಿಮೆಗಾದ್ರೂ ಹೀಗೆ ಮಾಡಿ ನೋಡಿ, ಸಂಜೆಯೊಳಗೆ ಊರು ಬಂದ್.


ಕಡಲತಡಿ

ಅದಕ್ಕೇ ಅಲ್ವ ಮಾರಾಯ್ರೆ ಕತೆ ಚಂದ ಇರುವುದು. ಅಲ್ಲಿ ಬಂದ್ ಆಗ್ಲಿಲ್ಲ.


ಕ್ಲೈಡ್_ದಂಡೆ

ನೇರನುಡಿ ಅವರೇ, ನಿಮ್ಮ ಹಾಗೇ ಯೋಚನೆ ಮಾಡೋರು ಇಲ್ಲಿನ ನಗರ ಕೌನ್ಸಿಲ್‌ನಲ್ಲೂ ಇದ್ದರು. ಅವರ ಗತಿ ಏನಾಯ್ತು ಕೇಳಿ.

ಕೌನ್ಸಿಲ್‌ನವರು ವರ್ಷಗಟ್ಟಲೆ ಕೋನ್ ತೆಗೀತಾ ಬಂದರು. ಒಂದು ಸಲ ತೆಗೆಯೋದಕ್ಕೆ 100 ಪೌಂಡ್, ವರ್ಷಕ್ಕೆ 10,000 ಪೌಂಡ್ ಖರ್ಚು ಅಂತ ಅವರದೇ ಲೆಕ್ಕ. ನೀವೇ ಭಾಗಿಸಿ, ವರ್ಷಕ್ಕೆ ನೂರು ಸಲ. ಇವರು ಬೆಳಗ್ಗೆ ಇಳಿಸೋದು, ಅವರು ರಾತ್ರಿ ಏರಿಸೋದು. ಕೊನೆಗೆ 2013ರ ನವೆಂಬರಿನಲ್ಲಿ ಒಂದು ಯೋಜನೆ ತಂದರು: 65,000 ಪೌಂಡ್ ಹಾಕಿ ಪ್ರತಿಮೆ ರಿಪೇರಿ ಮಾಡೋದು, ಪೀಠವನ್ನ ಈಗಿರೋದಕ್ಕಿಂತ ಎರಡು ಪಟ್ಟು ಎತ್ತರ ಮಾಡೋದು. ಆರಡಿಗಿಂತ ಮೇಲೆ ಹೋದರೆ ಯಾರು ಹತ್ತುತಾರೆ ಅಂತ ಎಣಿಕೆ. ಕೋನ್‌ನಿಂದ ಊರಿನ ಮರ್ಯಾದೆ ಹೋಗ್ತಿದೆ ಅನ್ನೋ ಧಾಟಿಯ ಮಾತೂ ಆ ಅರ್ಜಿಯಲ್ಲಿತ್ತು.

ಸುದ್ದಿ ಹೊರಬಿದ್ದದ್ದೇ ತಡ, "ಕೀಪ್ ದ ಕೋನ್" ಅಂತ ಫೇಸ್‌ಬುಕ್ ಪುಟ ಶುರುವಾಯ್ತು. ಒಂದು ದಿನದೊಳಗೆ 70,000ಕ್ಕೂ ಹೆಚ್ಚು ಲೈಕು. ಮನವಿಗೆ ಹತ್ತು ಸಾವಿರ ಸಹಿ. ಆಸ್ಪತ್ರೆ ಮುಚ್ಚಿದಾಗ ಬೀದಿಗೆ ಬರದ ಜನ ಕೋನ್‌ಗೋಸ್ಕರ ಬಂದರು ಅಂತ ನನ್ನ ಜೊತೆ ಕೆಲಸ ಮಾಡೋ ಹಿರಿಯರೊಬ್ಬರು ಈಗಲೂ ಬೈತಾರೆ. ಸಹಿ ಅವರೂ ಹಾಕಿದ್ದರು, ಅದು ಬೇರೆ ವಿಷಯ. ಕೌನ್ಸಿಲ್ ಯೋಜನೆ ವಾಪಸ್ ತಗೊಂಡಿತು. ಆಮೇಲೆ ಕ್ಯಾಮೆರಾ ಇಟ್ಟು ಕೋನ್ ಪತ್ತೆ ಮಾಡೋ ಸಾಫ್ಟ್‌ವೇರ್ ಹಾಕೋಣ ಅಂತಲೂ ಒಂದು ಯೋಚನೆ ಬಂತು. ಅದನ್ನು ಕೇಳಿ ಜನ ಇನ್ನಷ್ಟು ನಕ್ಕರು.


ಹಳೇಮೈಸೂರು

ಮೇಷ್ಟ್ರೇ ನಮಸ್ಕಾರ. ಕೋನ್ ಕತೆ ಅವರು ಹೇಳಲಿ, ಕೋನ್ ಕೆಳಗಿರೋನ ಕತೆ ನಾವು ಹೇಳೋಣ. ಇಡೀ ಯುರೋಪಿಗೆ ಇವನು ವಾಟರ್ಲೂ ವೀರ. ಆದರೆ ಇವನು ಪಾಠ ಕಲಿತದ್ದು ನಮ್ಮ ಕಾವೇರಿ ದಡದಲ್ಲಿ. ಅದೂ ಸೋತು.

1799ರ ಏಪ್ರಿಲ್ 5ರ ರಾತ್ರಿ. ಕರ್ನಲ್ ವೆಲ್ಲೆಸ್ಲಿಗೆ ಸುಲ್ತಾನ್‌ಪೇಟೆ ತೋಪು ಹಿಡಿಯೋ ಹುಕುಂ. ಹಗಲು ಹೋಗಿ ಜಾಗ ನೋಡಿರಲಿಲ್ಲ. ಕಗ್ಗತ್ತಲು, ತೋಪಿನ ತುಂಬ ಕಾಲುವೆ, ಒಳಗೆ ಟಿಪ್ಪುವಿನ ಬಂದೂಕು ಮತ್ತು ಬಾಣ, ಅಂದ್ರೆ ರಾಕೆಟ್. ಪಡೆ ಚೆಲ್ಲಾಪಿಲ್ಲಿ ಆಯ್ತು. ವೆಲ್ಲೆಸ್ಲಿಯ ಮೊಣಕಾಲಿಗೆ ಒಂದು ಗುಂಡು ತಾಗಿತು, ವೇಗ ಕಳಕೊಂಡು ಬಂದ ಗುಂಡಾದ್ದರಿಂದ ಬಚಾವಾದ. ಅವನ ಹನ್ನೆರಡು ಜನ ಸೆರೆ ಸಿಕ್ಕಿದರು, ವಾಪಸ್ ಬರಲಿಲ್ಲ. ಮಾರನೇ ದಿನ ಬೆಳಕಲ್ಲಿ ಹೋಗಿ ಅದೇ ತೋಪು ಹಿಡಿದ. ಮೊದಲೇ ನೋಡಿರದ ನೆಲೆಯ ಮೇಲೆ ರಾತ್ರಿ ಹೊತ್ತು ಇನ್ನೆಂದೂ ಬೀಳಲ್ಲ ಅಂತ ಆವತ್ತೇ ತೀರ್ಮಾನ ಮಾಡಿಕೊಂಡ.

ಮೇ 4ರಂದು ಕೋಟೆ ಬಿದ್ದಾಗ ಬಿರುಕಿನಲ್ಲಿ ನುಗ್ಗಿದವನು ಇವನಲ್ಲ, ಡೇವಿಡ್ ಬೇರ್ಡ್. ಇವನು ಮೀಸಲು ಪಡೆ ಜೊತೆ ಕಂದಕದಲ್ಲಿದ್ದ. ಆದರೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಇವನಿಗೆ. ಗವರ್ನರ್ ಜನರಲ್ ಇವನ ಅಣ್ಣ, ಬಿಡಿಸಿ ಹೇಳಬೇಕಾ?


ಮಂಡ್ಯದ_ಮೇಷ್ಟ್ರು

ಬೇರ್ಡ್ ಹೆಸರು ಎತ್ತಿದ್ರಿ, ಒಳ್ಳೇದಾಯ್ತು. ಆತ ಸ್ಕಾಟ್ಲೆಂಡಿನವನೇ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನಿಗೆ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ 44 ತಿಂಗಳು ಸರಪಳಿಯಲ್ಲಿದ್ದ. ಕೈದಿಗಳನ್ನ ಜೋಡಿ ಜೋಡಿಯಾಗಿ ಕಟ್ಟಿದ್ದಾರೆ ಅಂತ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಪಾಡು ದೇವರೇ ಕಾಯಬೇಕು" ಅಂದಳಂತೆ. ಮಗ ಅಷ್ಟು ಮುಂಗೋಪಿ. ತರಗತಿಯಲ್ಲಿ ಇದನ್ನ ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರೋರು.

ಅಂಥವನು ಕೋಟೆ ಗೆದ್ದು ಬೆವರು ಒರೆಸಿಕೊಳ್ಳೋ ಹೊತ್ತಿಗೆ ಅಧಿಕಾರ ಇನ್ನೊಬ್ಬನ ಕೈಗೆ. ಈಗ ಆ ಇನ್ನೊಬ್ಬನ ಪ್ರತಿಮೆ ಬೇರ್ಡ್‌ನ ನಾಡಿನ ದೊಡ್ಡ ಊರಲ್ಲಿ. ಕೋನ್ ಹತ್ತಿಸಿದ್ದು ಬೇರ್ಡ್‌ನ ಕಡೆಯವರೇ ಇರಬೇಕು ಅಂತ ನನ್ನ ಗುಮಾನಿ. (ಸಿಟ್ಟಾಗಬೇಡಿ, ತಮಾಷೆಗೆ.)


ಕಾವೇರಿಪುರ

ಅವನ ಹೆಸರಲ್ಲೇ ಅಲ್ವಾ ಸರ್ ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಇರೋದು? ನಮ್ಮಜ್ಜಿ ಮನೆಗೆ ಹೋಗ್ತಾ ದಿನಾ ನೋಡ್ತಿದ್ವಿ.


ಹಳೇಮೈಸೂರು

ಅದು ತಮ್ಮನದಲ್ಲ, ಅಣ್ಣನದು. ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿ ಹೆಸರು. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, 1804ರಲ್ಲಿ ಮುಗೀತು. ತಮ್ಮನ ನೆನಪು ಬೇಕಂದ್ರೆ ಮೈಸೂರಿನ ವೆಲಿಂಗ್ಟನ್ ಲಾಡ್ಜ್ ಇದೆ, ಈಗ ಇಂದಿರಾ ಗಾಂಧಿ ಮಾನವ ಸಂಗ್ರಹಾಲಯದ ಕೇಂದ್ರ. ಮತ್ತೆ ದರಿಯಾ ದೌಲತ್ ಬಾಗ್. ವೆಲ್ಲೆಸ್ಲಿ ಅಲ್ಲಿ ವಾಸ ಇದ್ದ.

ದರಿಯಾ ದೌಲತ್ ಪಡುವಣ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ನೋಡಿರ್ತೀರಿ. ಮಧ್ಯದಲ್ಲಿ ಇಂಗ್ಲಿಷರ ಚೌಕಾಕಾರದ ಪಡೆ, ಅದರೊಳಗೆ ಪಲ್ಲಕ್ಕಿಯಲ್ಲಿ ಅವರ ನಾಯಕ ಕರ್ನಲ್ ಬೇಲಿ, ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಮದ್ದಿನ ಗಾಡಿ ಸಿಡಿದು ಹೊಗೆ ಎದ್ದಿದೆ. ಮುತ್ತಿಗೆಗೆ ಮುಂಚೆ ಆ ಚಿತ್ರ ಅಳಿಸಿಹೋಗಿತ್ತು. ಅದನ್ನ ಮತ್ತೆ ಬರೆಸಿದ್ದು ಇದೇ ಆರ್ಥರ್ ವೆಲ್ಲೆಸ್ಲಿ. ತನ್ನವರು ಸೋತ ಚಿತ್ರವನ್ನ ತಾನೇ ದುಡ್ಡು ಕೊಟ್ಟು ಬರೆಸೋನು ತಲೆ ಮೇಲೆ ಕೋನ್ ಇಟ್ಟರೆ ಸಿಟ್ಟಾಗ್ತಿದ್ದನೋ ಇಲ್ಲವೋ, ಯೋಚನೆ ಮಾಡಬೇಕಾದ ವಿಷಯ.


ನೇರನುಡಿ

ಅತಿಯಾಯ್ತು. ಗೆದ್ದ ಮೇಲೆ ಸೋಲಿನ ಚಿತ್ರ ಗೋಡೆಗೆ ಅಲಂಕಾರ. ಅದನ್ನ ದೊಡ್ಡತನ ಅಂತ ನಾನು ಒಪ್ಪಲ್ಲ.


ಹಳೇಮೈಸೂರು

ಈ ಮಾತು ನ್ಯಾಯ. ದುಡ್ಡಿನ ಮಾತೂ ನಾನು ಓಘಕ್ಕೆ ಸೇರಿಸಿದ್ದು, ಹಿಂತಗೋತೀನಿ. ಬರೆಸಿದ್ದಂತೂ ಅವನ ಹುಕುಮಿನ ಮೇಲೆಯೇ.


ಚನ್ನಗಿರಿ_ಹುಡ್ಗ

ಗುರುಗಳೇ, ನಮ್ಮೂರಿನ ಧೋಂಡಿಯಾನ ಬಿಟ್ಟರೆ ಹೇಗೆ? ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್. ಹೈದರನ ದಂಡಿನಲ್ಲಿದ್ದ, ಆಮೇಲೆ ಸ್ವಂತ ಪಡೆ ಕಟ್ಟಿದ, ಟಿಪ್ಪು ಹಿಡಿದು ಶ್ರೀರಂಗಪಟ್ಟಣದ ಸೆರೆಮನೆಗೆ ಹಾಕಿಸಿದ. ಕೋಟೆ ಬಿದ್ದ ದಿನದ ಗದ್ದಲದಲ್ಲಿ ಹೊರಗೆ ಬಂದ. ಬಂದವನು ಸುಮ್ಮನಿದ್ದನಾ? ಬಿದನೂರು ಸೀಮೆಯಿಂದ ಜನ ಕೂಡಿಸಿ ತನಗೆ ತಾನೇ ಬಿರುದು ಕೊಟ್ಕೊಂಡ, "ಉಭಯ ಲೋಕಾಧೀಶ್ವರ". ಈ ಲೋಕಕ್ಕೂ ಆ ಲೋಕಕ್ಕೂ ಒಬ್ಬನೇ ದೊರೆ! ಈಗಿನ ಫ್ಲೆಕ್ಸ್‌ನವರು ಇವನ ಮುಂದೆ ಏನೂ ಅಲ್ಲ.


ಧಾರವಾಡದಾಂವ

ಆ ಕತಿ ನಮ್ಮ ಕಡೀದು, ನಾ ಹೇಳ್ತೀನಿ ಕೇಳ್ರಿ. 1800ರ ಮಳಿಗಾಲದಾಗ ವೆಲ್ಲೆಸ್ಲಿ ಧೋಂಡಿಯಾನ ಬೆನ್ನ ಹತ್ತಿದ. ತುಂಗಭದ್ರಾ ದಾಟಿ ಬಂದು ಕುಂದಗೋಳ ತಗೊಂಡ, ಡಂಬಳದ ಕೋಟಿ ಏಣಿ ಹಚ್ಚಿ ಏರಿದ. ಜುಲೈ 30ಕ್ಕ ಮುನವಳ್ಳಿ ಹತ್ರ ಮಲಪ್ರಭಾ ದಂಡಿಮ್ಯಾಲೆ ಧೋಂಡಿಯಾನ ಬೀಡು ಸಿಕ್ತು, ಆನಿ, ಎತ್ತು, ಸಾಮಾನು ಎಲ್ಲಾ ಹ್ವಾದವು. ಹೊಳಿ ತುಂಬಿ ಹರೀತಿತ್ತು, ಭಾಳ ಮಂದಿ ನೀರಿನ್ಯಾಗ ಕೊಚ್ಚಿಹ್ವಾದ್ರು. ಧೋಂಡಿಯಾ ಮಾತ್ರ ಸಿಗಲಿಲ್ಲ. ಮತ್ತ ಸುಮಾರು ನಲವತ್ತು ದಿನ ಹಿಂಗ ಬೆನ್ನತ್ತಿ ಬೆನ್ನತ್ತಿ, ಕಡೀಕ ಸೆಪ್ಟೆಂಬರ್ 10ಕ್ಕ ಕೋಣಗಲ್ ಅಂಬೋ ಊರ ಹತ್ರ ಎದುರಾಬದರ ಆದ್ರು. ವೆಲ್ಲೆಸ್ಲಿ ಕಡೆ ಇದ್ದದ್ದು ನಾಕು ಕುದುರಿ ರೆಜಿಮೆಂಟ್ ಅಷ್ಟ. ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದ ನಿಂತು ಕುದುರಿ ಬಿಟ್ಟ. ಧೋಂಡಿಯಾ ಅಲ್ಲೇ ಬಿದ್ದ.

ಆಮ್ಯಾಲೆ ಸಾಮಾನಿನ್ಯಾಗ ಹುಡುಕಿದ್ರ ಒಂದು ನಾಕು ವರ್ಷದ ಕೂಸು. ಧೋಂಡಿಯಾನ ಮಗ, ಸಲಾಬತ್ ಖಾನ್. ವೆಲ್ಲೆಸ್ಲಿ ಆ ಹುಡುಗನ್ನ ತನ್ನ ಡೇರೆಗೆ ಕರ್ಕೊಂಡು ಹ್ವಾದ. ಹಿಂದೂಸ್ತಾನ ಬಿಟ್ಟು ಹೋಗೂ ಮುಂದ ಅವನ ಖರ್ಚಿಗೆ ಅಂತ ಶ್ರೀರಂಗಪಟ್ಟಣದಾಗ ರೊಕ್ಕಾ ಇಟ್ಟು ಹೋದ. ಅಪ್ಪನ್ನ ಕೊಂದವನ ಕೈಯಾಗ ಉಂಡ ಕೂಸಿನ ಮನಸಿನ್ಯಾಗ ಏನಿತ್ತೋ ಏನೋ. ನನಗ ಆ ಯುದ್ಧಕ್ಕಿಂತ ಆ ಕೂಸೇ ನೆನಪಿಗೆ ಬರತೈತಿ.

ಆ ಗ್ಲಾಸ್ಗೋ ಪೀಠದ ಮ್ಯಾಲೆ ಕೋಣಗಲ್ ಐತೇನ್ರಿ?


ಮಂಡ್ಯದ_ಮೇಷ್ಟ್ರು

ಇಲ್ಲ ಸರ್. ಇವತ್ತು ಮಳೆಯಲ್ಲೇ ಹೋಗಿ ನಾಲ್ಕೂ ಕಡೆ ಸುತ್ತಿ ನೋಡಿಕೊಂಡು ಬಂದೆ. ಒಂದು ಕಡೆ ಅಸ್ಸಾಯೆ, ಒಂದು ಕಡೆ ವಾಟರ್ಲೂ, ಉಳಿದ ಚಿಕ್ಕ ಫಲಕದಲ್ಲಿ ಸೈನಿಕ ಯುದ್ಧ ಮುಗಿಸಿ ಮನೆಗೆ ಬಂದಿರೋದು. ಇದ್ದುದರಲ್ಲಿ ನನಗೆ ಇದೇ ಹಿಡಿಸಿತು. ಶ್ರೀರಂಗಪಟ್ಟಣವೂ ಇಲ್ಲ, ಕೋಣಗಲ್ಲೂ ಇಲ್ಲ.

ಫಲಕದ ಸಂದುಗಳಲ್ಲಿ ಮಳೆನೀರು ನಿಂತಿತ್ತು. ಯಾರೋ ಕಾಫಿ ಲೋಟ ಕುದುರೆ ಕಾಲ ಹತ್ರ ಬಿಟ್ಟು ಹೋಗಿದ್ದರು. ಇವತ್ತು ಕುದುರೆ ತಲೆಗೂ ಒಂದು ಕೋನ್! ಅಪ್ಪನಿಗೊಂದು ಟೋಪಿ ಮಗನಿಗೊಂದು ಕುಲಾವಿ ಅನ್ನೋ ಹಾಗಿತ್ತು.


ಕ್ಲೈಡ್_ದಂಡೆ

ಅಸ್ಸಾಯೆ ಯಾಕೆ ಇಲ್ಲಿ ಬಂತು ಅನ್ನೋದಕ್ಕೆ ಕಾರಣ ಇದೆ ಮೇಷ್ಟ್ರೇ. 1803ರ ಸೆಪ್ಟೆಂಬರ್ 23ರಂದು, ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ ಮರಾಠರ ಸಿಂಧಿಯಾ ಮತ್ತು ಭೋಂಸ್ಲೆ ಪಡೆ ಎದುರಿಗೆ ನಡೆದ ಯುದ್ಧ. ಅದರಲ್ಲಿ ಅತಿ ಹೆಚ್ಚು ಏಟು ತಿಂದದ್ದು 74ನೇ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ರೆಜಿಮೆಂಟ್. ಫಿರಂಗಿಗಳ ಬಾಯಿಗೇ ಹೋಗಿ ಸಿಕ್ಕಿಕೊಂಡರು. ಅದೇ ರೆಜಿಮೆಂಟು ಆಮೇಲೆ 1881ರಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿಗೆ ಸೇರಿತು, ಅದು ಗ್ಲಾಸ್ಗೋದವರ ಮನೆಮಾತು. ಇಲ್ಲಿನವರಿಗೆ ಅಸ್ಸಾಯೆ ಅಂದರೆ ದೂರದ ದೇಶದ ಹೆಸರಲ್ಲ, ಮುತ್ತಾತ ವಾಪಸ್ ಬರದ ಊರು.


ಹಳೇಮೈಸೂರು

ನಮ್ಮವರೂ ಅಲ್ಲಿದ್ದರು. ಪೂರ್ಣಯ್ಯ ಕಳಿಸಿದ ಮೈಸೂರು ಸಿಲೇದಾರ್ ಕುದುರೆ ಪಡೆ, ಬಿಷ್ಣಪ್ಪ ಪಂಡಿತನ ಕೈಕೆಳಗೆ ಸುಮಾರು 2,400 ಸವಾರರು ವೆಲ್ಲೆಸ್ಲಿ ಜೊತೆ ಆ ದಂಡಯಾತ್ರೆಯಲ್ಲಿದ್ದರು. ಫಿರಂಗಿ ಎಳೆದದ್ದು ನಮ್ಮ ಅಮೃತ ಮಹಲ್ ಎತ್ತು. ಸ್ಪೇನು ಪೋರ್ಚುಗಲ್ಲಿಗೆ ಹೋದ ಮೇಲೂ ಆ ಎತ್ತುಗಳಿಲ್ಲವಲ್ಲ ಅಂತ ವೆಲ್ಲೆಸ್ಲಿ ಪರಿತಪಿಸಿದ ಅಂತ ಅಮೃತ ಮಹಲ್ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಕುದುರೆಗೆ ಪ್ರತಿಮೆ ಸಿಕ್ಕಿತು. ಎತ್ತಿಗೆ ಏನೂ ಸಿಗಲಿಲ್ಲ.


ಚನ್ನಗಿರಿ_ಹುಡ್ಗ

ಎತ್ತಿನ ತಲೆ ಮೇಲೆ ಕೋನ್ ಇಡಕ್ಕೆ ಆಗಲ್ಲ ಬಿಡಿ ಸರ್, ಕೋಡು ಅಡ್ಡ ಬರುತ್ತೆ.


ಕಡಲತಡಿ

ಅಲ್ಲ, ನೀವೆಲ್ಲ ಕುದುರೆ ಎತ್ತು ಎಲ್ಲ ಹೇಳಿದ್ರಿ, ಇದನ್ನು ಮಾಡಿದ ಶಿಲ್ಪಿ ಯಾರು ಅಂತ ಒಬ್ಬರೂ ಹೇಳಲಿಲ್ಲ ಮಾರಾಯ್ರೆ. ನಾನು ಎರಕದ ಕೆಲಸ ಮಾಡುವವ, ದೇವಸ್ಥಾನದ ಗಂಟೆ, ದೀಪ. ಕುದುರೆ ನಾಲ್ಕು ಸಪೂರ ಕಾಲಿನ ಮೇಲೆ ಅಷ್ಟು ಭಾರ ನಿಲ್ಲಿಸುವುದು ಉಂಟಲ್ಲ, ಅದು ಸುಲಭ ಅಲ್ಲ. ಮೇಲೆ ಜನ ಬೇರೆ ಹತ್ತುತ್ತಾರೆ. ಕತ್ತಿ ತುಂಡಾದದ್ದು ಆಶ್ಚರ್ಯ ಇಲ್ಲ, ತೆಳು ಇರುವಲ್ಲೇ ಮೊದಲು ಹೋಗುವುದು. ಕುದುರೆ ಹಾಗೇ ನಿಂತಿದೆ ಅಂದರೆ ಮಾಡಿದವನ ಕೈ ಗಟ್ಟಿ.


ಕ್ಲೈಡ್_ದಂಡೆ

ಕಾರ್ಲೊ ಮಾರೊಕೆಟ್ಟಿ. ಹುಟ್ಟಿದ್ದು ಇಟಲಿಯ ಟ್ಯೂರಿನ್‌ನಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. ನೆಪೋಲಿಯನ್‌ನ ಸೋಲಿಸಿದವನ ಪ್ರತಿಮೆ ಮಾಡಕ್ಕೆ ಫ್ರಾನ್ಸಿನಲ್ಲಿ ಬೆಳೆದವನು! ನಮ್ಮವರನ್ನು ಬಿಟ್ಟು ಹೊರಗಿನವನಿಗೆ ಕೆಲಸ ಕೊಟ್ಟಿರಿ ಅಂತ ಆ ಕಾಲದಲ್ಲೇ ಇಲ್ಲಿನ ಶಿಲ್ಪಿಗಳು ಗಲಾಟೆ ಮಾಡಿದ್ದರು. ಅಂದ್ರೆ ಈ ಪ್ರತಿಮೆಗೂ ಜಗಳಕ್ಕೂ ಹುಟ್ಟಿನಿಂದಲೇ ನಂಟು. ಫ್ರಾನ್ಸಿನಲ್ಲಿ 1848ರ ಕ್ರಾಂತಿ ಆದಮೇಲೆ ಅವನು ಲಂಡನ್ನಿಗೇ ಬಂದು ನೆಲೆಸಿದ.


ಕಬ್ಬನ್_ವಾಕರ್

ಒಂದು ನಿಮಿಷ. ಮಾರೊಕೆಟ್ಟಿ ಅಂದ್ರಾ?

ಇಷ್ಟು ದಿನ ಸುಮ್ಮನೆ ಓದ್ತಿದ್ದೆ, ಈಗ ಬರೀಲೇಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕುದುರೆ ಮೇಲೆ ಕೂತ ಮಾರ್ಕ್ ಕಬ್ಬನ್ ಪ್ರತಿಮೆ ಇದೆಯಲ್ಲ, ಅದನ್ನ ಮಾಡಿದ್ದೂ ಇದೇ ಮಾರೊಕೆಟ್ಟಿ! 1866ರದ್ದು. ಕಬ್ಬನ್ 1834ರಿಂದ 1861ರ ತನಕ ಮೈಸೂರಿನ ಕಮಿಷನರ್, ಊರಿಗೆ ಹೋಗ್ತಾ ಸುಯೆಜ್‌ನಲ್ಲಿ ತೀರಿಕೊಂಡ. ಐದು ವರ್ಷದ ಮೇಲೆ ಪ್ರತಿಮೆ ಬಂತು. ಮೊದಲು ಪೆರೇಡ್ ಮೈದಾನದಲ್ಲಿತ್ತು. ಅಠಾರಾ ಕಚೇರಿ, ಅಂದ್ರೆ ಈಗಿನ ಹೈಕೋರ್ಟ್ ಕಟ್ಟಡ, ಮುಗಿದದ್ದೇ 1868ರಲ್ಲಿ, ಆಮೇಲೆ ಅದರ ಮುಂದೆ ತಂದು ನಿಲ್ಲಿಸಿದರು. ಹೈಕೋರ್ಟ್ ಆವರಣದಲ್ಲಿ ಇದ್ದಷ್ಟು ಕಾಲ ನಮ್ಮಂಥವರಿಗೆ ಹತ್ತಿರ ಹೋಗಿ ನೋಡೋ ಯೋಗ ಇರಲಿಲ್ಲ. 2020ರಲ್ಲಿ ಅಲ್ಲಿಂದ ಎತ್ತಿ ಪಾರ್ಕಿನೊಳಗೆ ಬ್ಯಾಂಡ್‌ಸ್ಟ್ಯಾಂಡ್ ಹತ್ರ ತಂದಿಟ್ಟರು.

ಹದಿನೈದು ವರ್ಷದಿಂದ ಅಲ್ಲಿ ನಡೀತಿದ್ದೀನಿ. ಗ್ಲಾಸ್ಗೋ ಡ್ಯೂಕೂ ನಮ್ಮ ಕಬ್ಬನ್ನೂ ಒಂದೇ ಕೈಯಿಂದ ಬಂದವರು ಅಂತ ಇವತ್ತೇ ತಲೆಯಲ್ಲಿ ಜೋಡಣೆ ಆಗಿದ್ದು. ಮೈ ಜುಂ ಅಂತು.


ಹಳೇಮೈಸೂರು

ಶಭಾಷ್! ಮಾರೊಕೆಟ್ಟಿ ತೀರಿಕೊಂಡದ್ದು 1867ರಲ್ಲಿ. ಅಂದ್ರೆ ಕಬ್ಬನ್ ಕುದುರೆ ಅವನ ಕೊನೆಗಾಲದ ಕೆಲಸಗಳಲ್ಲಿ ಒಂದು. ಕಾನ್ಪುರದಲ್ಲಿ 1857ರ ದಂಗೆಯಲ್ಲಿ ಸತ್ತ ಇಂಗ್ಲಿಷರನ್ನು ಹಾಕಿದ ಬಾವಿಯ ಸ್ಮಾರಕಕ್ಕೆ ಮಾಡಿದ ಅಮೃತಶಿಲೆಯ ದೇವದೂತೆಯೂ ಅವನದೇ.


ಧಾರವಾಡದಾಂವ

ಹಂಗಾದ್ರ ಕಬ್ಬನ್ ಸಾಹೇಬ್ರಿಗೂ ಒಂದು ಕೋನ್ ಇಡೂಣೇನು? ಬೆಂಗಳೂರಾಗ ರಸ್ತಾ ಅಗದದ್ದು ಎಲ್ಲೆ ನೋಡಿದ್ರೂ ಐತಿ, ಕೋನಿಗೆ ಬರಗಾಲಿಲ್ಲ.


ನೇರನುಡಿ

ದಯವಿಟ್ಟು ಐಡಿಯಾ ಕೊಡಬೇಡಿ. ಇಲ್ಲಿ ಬೇಲಿ ಹಾಕಿಸಿ, ಗೇಟ್ ಹಾಕಿಸಿ, ಮೂರು ಗಂಟೆಗೆ ಪಾರ್ಕ್ ಮುಚ್ಚಿಬಿಡ್ತಾರೆ. ಅಲ್ಲಿ ಮಾಡೋರು ಒಬ್ಬರು, ಇಲ್ಲಿ ಅನುಭವಿಸೋರು ನಾವು.

ಆದರೆ ಒಂದು ಕೇಳ್ತೀನಿ. ಪಕ್ಕದ ಎಡಿನ್‌ಬರೋದಲ್ಲೂ ವೆಲಿಂಗ್ಟನ್ ಪ್ರತಿಮೆ ಇದೆಯಂತೆ. ಅಲ್ಲಿಗೆ ಯಾಕೆ ಕೋನ್ ಇಲ್ಲ? ಅಲ್ಲಿಯವರು ಸಂಸ್ಕಾರವಂತರು ಅನ್ನೋಣವಾ?


ಕ್ಲೈಡ್_ದಂಡೆ

ಹಾ ಹಾ, ಈ ಪ್ರಶ್ನೆ ಇಲ್ಲಿ ಪಬ್ಬಿನಲ್ಲಿ ಕೇಳಿದ್ರೆ ನಿಮಗೆ ರಾತ್ರಿಯೆಲ್ಲ ಉತ್ತರ ಸಿಗುತ್ತೆ. ಎಡಿನ್‌ಬರೋ ಪ್ರತಿಮೆ ಜಾನ್ ಸ್ಟೀಲ್ ಮಾಡಿದ್ದು, 1852ರದ್ದು. ಕುದುರೆ ಮುಂಗಾಲು ಎರಡೂ ಎತ್ತಿ ನಿಂತಿದೆ, ಪೀಠವೂ ಎತ್ತರ. ಹತ್ತೋದು ಕಷ್ಟ. ಆದರೆ ಗ್ಲಾಸ್ಗೋದವರು ಕೊಡೋ ಕಾರಣ ಅದಲ್ಲ: "ಅವರಿಗೆ ನಗೋಕೆ ಬರಲ್ಲ" ಅಂತಾರೆ. ಎಡಿನ್‌ಬರೋದವರನ್ನು ಕೇಳಿದರೆ "ನಮ್ಮಲ್ಲಿ ಕೋನ್‌ಗಳು ರಸ್ತೆ ಮೇಲೆ ಇರ್ತವೆ" ಅಂತಾರೆ. ಹುಬ್ಬಳ್ಳಿ ಧಾರವಾಡದವರಿಗೆ ಇದು ಅರ್ಥ ಆಗುತ್ತೆ.

ಇನ್ನೊಂದು ಮಾತು. ಆ ಪ್ರತಿಮೆ ಹಿಂದಿನ ಕಂಬದ ಕಟ್ಟಡ ಇದೆಯಲ್ಲ, ಈಗ ಆಧುನಿಕ ಕಲಾ ಗ್ಯಾಲರಿ, 1996ರಿಂದ. ಅದರ ಒಳತಿರುಳು 1778ರಲ್ಲಿ ವಿಲಿಯಂ ಕನಿಂಗ್‌ಹ್ಯಾಮ್ ಅನ್ನೋ ಹೊಗೆಸೊಪ್ಪಿನ ವ್ಯಾಪಾರಿ ಕಟ್ಟಿಸಿದ ಮಹಲು. ಗುಲಾಮರ ಬೆವರಿನ ದುಡ್ಡು. ಆಮೇಲೆ ಬ್ಯಾಂಕು, ವರ್ತಕರ ಎಕ್ಸ್‌ಚೇಂಜು, ಲೈಬ್ರರಿ ಎಲ್ಲ ಆಯ್ತು. ಅಂಥ ಕಟ್ಟಡದ ಮುಂದೆ ಅಂಥ ದಂಡನಾಯಕ. ಕೋನ್ ಇಲ್ಲದೆ ನೋಡಿದರೆ ಆ ಜಾಗ ಸ್ವಲ್ಪ ಬಿಗಿಯಾಗೇ ಇರುತ್ತೆ. ನಾನು ನೋಡಿದ್ದೀನಿ, ಕೌನ್ಸಿಲ್‌ನವರು ತೆಗೆದ ಬೆಳಗ್ಗೆ. ಜನ ತಲೆ ತಗ್ಗಿಸಿ ಹೋಗ್ತಾರೆ. ಕೋನ್ ಇದ್ದ ದಿನ ಒಂದು ಸಲ ಮೇಲೆ ನೋಡ್ತಾರೆ.

ಕಾಲಕ್ಕೆ ತಕ್ಕ ಹಾಗೆ ಬಣ್ಣವೂ ಬದಲಾಗುತ್ತೆ. 2012ರ ಒಲಿಂಪಿಕ್ಸ್‌ನಲ್ಲಿ ಸ್ಕಾಟ್‌ಗಳು ಚಿನ್ನ ಗೆದ್ದಾಗ ಚಿನ್ನದ ಬಣ್ಣದ ಕೋನ್. 2020ರ ಜನವರಿ 31, ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ದಿನ, ನೀಲಿ ಕೋನ್ ಮೇಲೆ ಒಕ್ಕೂಟದ ಹಳದಿ ನಕ್ಷತ್ರ. ಪತ್ರಿಕೆಯ ವ್ಯಂಗ್ಯಚಿತ್ರ ಮಾಡೋ ಕೆಲಸವನ್ನ ಇಲ್ಲಿ ಆ ತಲೆ ಮಾಡ್ತಿದೆ.


ಕಾವೇರಿಪುರ

ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯೋ ಬ್ಯಾಂಕ್ಸಿ ಕೂಡ ಇದರ ಬಗ್ಗೆ ಏನೋ ಹೇಳಿದ್ದ ಅಲ್ವಾ?


ಕ್ಲೈಡ್_ದಂಡೆ

ಹೌದು. 2023ರಲ್ಲಿ ಅದೇ ಗ್ಯಾಲರಿಯಲ್ಲಿ ಬ್ಯಾಂಕ್ಸಿಯ "ಕಟ್ ಅಂಡ್ ರನ್" ಪ್ರದರ್ಶನ ನಡೀತು, 14 ವರ್ಷದ ಮೇಲೆ ಅವನು ಅಧಿಕೃತವಾಗಿ ಒಬ್ಬನೇ ಮಾಡಿದ ಪ್ರದರ್ಶನ. ಈ ಊರೇ ಯಾಕೆ ಅಂದ್ರೆ, ಬಾಗಿಲ ಮುಂದಿನ ಕೋನ್ ಪ್ರತಿಮೆಯೇ ಇಡೀ ಬ್ರಿಟನ್‌ನಲ್ಲಿ ತನಗೆ ಅಚ್ಚುಮೆಚ್ಚಿನ ಕಲಾಕೃತಿ ಅಂದ. ನಾನೂ ಟಿಕೆಟ್ ತಗೊಂಡು ಹೋಗಿದ್ದೆ. ಒಳಗೆ ಲಕ್ಷಾಂತರ ಪೌಂಡಿನ ಚಿತ್ರ, ಹೊರಗೆ ರಸ್ತೆ ರಿಪೇರಿಯಿಂದ ಕದ್ದ ಕೋನ್. ಒಳಗಿದ್ದದ್ದಕ್ಕೆ ಕಾವಲು, ಹೊರಗಿದ್ದದ್ದಕ್ಕೆ ಏನೂ ಇಲ್ಲ. ಎರಡೂ ಭದ್ರವಾಗಿದ್ದವು.


ಕಬ್ಬನ್_ವಾಕರ್

ಭಾನುವಾರದ ವರದಿ: ಬೆಳಗ್ಗೆ ಆರೂಕಾಲಿಗೆ ಬ್ಯಾಂಡ್‌ಸ್ಟ್ಯಾಂಡ್ ಹತ್ರ ಹೋಗಿ ಕಬ್ಬನ್ ಮುಂದೆ ಅರ್ಧ ಗಂಟೆ ನಿಂತಿದ್ದೆ. ಮೊದಲು ಮುಖ ನೋಡ್ತಿದ್ದೆ, ಈ ಸಲ ಕುದುರೆಯನ್ನೇ ನೋಡಿದೆ. ಕಡಲತಡಿಯವರು ಹೇಳಿದ ಮೇಲೆ ಕಾಲು ಎಷ್ಟು ಸಪೂರ ಅಂತ ಕಣ್ಣಿಗೆ ಬಿತ್ತು. ನಾಯಿ ಹಿಡ್ಕೊಂಡು ಬಂದ ಅಜ್ಜ ಒಬ್ಬರು, "ಯಾರಪ್ಪಾ ಇದು, ಕೆಂಪೇಗೌಡ್ರಾ?" ಅಂದ್ರು. ಕಬ್ಬನ್ ಅಂದೆ. "ಓ, ಪಾರ್ಕಿನ ಕಬ್ಬನ್ನಾ!" ಅಂತ ನಾಯಿ ಎಳಕೊಂಡು ಹೋದರು.


ಕಡಲತಡಿ

ಮೇಷ್ಟ್ರೇ, ಊರಿಗೆ ಬರುವ ಮೊದಲು ಕುದುರೆ ಕಾಲಿನ ಹತ್ತಿರದ ಫೋಟೋ ಒಂದು ತೆಗೆದು ಹಾಕಿ. ಎರಕದ ಬೆಸುಗೆ ಕಾಣುತ್ತದೋ ನೋಡಬೇಕು. ಕಬ್ಬನ್_ವಾಕರ್ ಅವರೂ ಒಂದು ತೆಗೆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ.


ಮಂಡ್ಯದ_ಮೇಷ್ಟ್ರು

ಖಂಡಿತ. ಬರೋ ವಾರ ಹೊರಡ್ತೀವಿ. ನಿನ್ನೆ ನಮ್ಮ ಮನೆಯವರೂ ಮೊದಲ ಸಲ ಬಂದ್ರು, ಮಗೂನ ಗಾಡಿಯಲ್ಲಿ ಮಲಗಿಸ್ಕೊಂಡು. ಪ್ರತಿಮೆ ನೋಡಿ, "ಇದನ್ನ ನೋಡಕ್ಕಾ ದಿನಾ ನೆನ್ಕೊಂಡ್ ಬರ್ತಿದ್ರಿ?" ಅಂದ್ರು. ಶ್ರೀರಂಗಪಟ್ಟಣದ ಕತೆ ಹೇಳಿದೆ, ಧೋಂಡಿಯಾ ಕತೆ ಹೇಳಿದೆ, ಆ ನಾಲ್ಕು ವರ್ಷದ ಹುಡುಗನ ಕತೆಗೆ ಮಾತ್ರ ನಿಂತು ಕೇಳಿದ್ರು. "ತಾಯಿ ಎಲ್ಲಿದ್ಲಂತೆ?" ಅಂದ್ರು. ನನಗೆ ಗೊತ್ತಿರಲಿಲ್ಲ.

ಆಮೇಲೆ ಪಕ್ಕದ ಅಂಗಡಿಗೆ ನುಗ್ಗಿ ಕೋನ್ ಹಾಕ್ಕೊಂಡ ಡ್ಯೂಕನ ಫ್ರಿಜ್ ಮ್ಯಾಗ್ನೆಟ್ ಐದು ತಗೊಂಡ್ರು. ಅಕ್ಕಪಕ್ಕದ ಮನೆಯವರಿಗೆ ಕೊಡಕ್ಕಂತೆ. ಅಂಗಡಿಯ ಹುಡುಗಿ ಹತ್ರ ಚೌಕಾಸಿ ಮಾಡಕ್ಕೂ ನೋಡಿದ್ರು, ಅವಳಿಗೆ ಅರ್ಥ ಆಗಲಿಲ್ಲ. ಒಂದನ್ನ ದರಿಯಾ ದೌಲತ್ ಗೇಟಲ್ಲಿ ಟಿಕೆಟ್ ಕೊಡೋ ನಮ್ಮ ಹಳೇ ವಿದ್ಯಾರ್ಥಿಗೆ ಅಂತ ನಾನು ಎತ್ತಿಟ್ಕೊಂಡಿದ್ದೀನಿ. ಕುದುರೆ ಕಾಲಿನ ಫೋಟೋ ನಾಳೆ ಹಾಕ್ತೀನಿ, ಮಳೆ ಬಿಟ್ಟರೆ.